ಎಚ್‌ಐವಿ ತಡೆಯುವ ಮಾತ್ರೆ: ಕೇಳುವುದು ಎಲ್ಲಿ, ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ

ಮದ್ದೂರು ಕಡೆಯ ಅಕ್ಕ ಒಬ್ಬರು ಮೊನ್ನೆ ಚೀಲದ ತಳದಿಂದ ಬಿಳಿ ಡಬ್ಬಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. ಅಲ್ಲಾಡಿಸಿ ನೋಡು ಅಂದರು. ಅಲ್ಲಾಡಿಸಿದೆ, ಸದ್ದೇ ಇಲ್ಲ. ಮುಚ್ಚಳ ತೆಗೆದರೆ ಮಾತ್ರೆಗಳ ಮೇಲೆ ಹತ್ತಿ ಒತ್ತಿಟ್ಟಿದ್ದರು. “ಗಲಗಲ ಅಂತದೆ ಕಣವ್ವ. ನಮ್ಮತ್ತೆ ಕಿವಿ ಬಲು ಚುರುಕು.”

ಆ ಡಬ್ಬಿಯಲ್ಲಿದ್ದದ್ದು ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ. ಡಾಕ್ಟರುಗಳು ಅದನ್ನು ಪ್ರೆಪ್ ಅನ್ನುತ್ತಾರೆ. ಚೀಟಿ ಬರೆಸಿಕೊಳ್ಳುವುದು ಅರ್ಧ ಕೆಲಸ ಅಷ್ಟೇ. ಅದನ್ನು ಮನೆಯಲ್ಲಿ ಇಟ್ಟುಕೊಂಡು, ಬೇಡದವರ ಕಣ್ಣಿಗೆ ಬೀಳದೆ, ದಿನಾ ನುಂಗುವುದು ಉಳಿದರ್ಧ. ಆ ಉಳಿದರ್ಧದ ಬಗ್ಗೆ ಆಸ್ಪತ್ರೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಲೈಂಗಿಕ ವೃತ್ತಿಯಲ್ಲಿ ಇರುವವರಿಗೆ, ಗಂಡನಿಗೆ ಎಚ್‌ಐವಿ ಇರುವವರಿಗೆ, ಗಂಡ ಅಥವಾ ಜೊತೆಗಾರ ಎಲ್ಲೆಲ್ಲಿ ಹೋಗಿ ಬರುತ್ತಾನೆ ಅಂತ ಗೊತ್ತಿದ್ದೂ ಕಾಂಡೋಮ್ ಹಾಕಿಕೋ ಅನ್ನಲು ಆಗದವರಿಗೆ ಇದು.

ಮೊದಲು ಮೂರು ಮಾತ್ರೆಗಳ ಗೊಂದಲ ಬಿಡಿಸಿಕೊಳ್ಳಿ

ಪ್ರೆಪ್ ಅಂದರೆ ಸೋಂಕು ಇಲ್ಲದವರು ಮುಂಚೆಯೇ ತೆಗೆದುಕೊಳ್ಳುವ ಮಾತ್ರೆ. ಟೆನೊಫೊವಿರ್, ಎಮ್ಟ್ರಿಸಿಟಬೈನ್ ಅನ್ನುವ ಎರಡು ಔಷಧಿ ಒಂದೇ ಮಾತ್ರೆಯಲ್ಲಿ ಇರುತ್ತವೆ. ದಿನಕ್ಕೆ ಒಂದು. ಎಚ್‌ಐವಿ ವೈರಸ್ ಮೈಯೊಳಗೆ ಬಂದರೆ, ಅದು ನಮ್ಮ ರಕ್ತದ ಜೀವಕೋಶ ಹೊಕ್ಕು ತನ್ನಂಥದ್ದನ್ನೇ ಇನ್ನಷ್ಟು ಹುಟ್ಟಿಸಬೇಕು. ಔಷಧಿ ಅಲ್ಲಿ ಮೊದಲೇ ಕೂತಿದ್ದರೆ ಆ ಕೆಲಸ ನಡೆಯುವುದಿಲ್ಲ. ಕಳ್ಳ ಬರುವ ಮುಂಚೆ ಅಗುಳಿ ಹಾಕಿದ ಹಾಗೆ. ಬಂದು ಹೋದ ಮೇಲೆ ಹಾಕಿದರೆ ಪ್ರಯೋಜನ ಇಲ್ಲ.

ಪೆಪ್ ಬೇರೆ. ಕಾಂಡೋಮ್ ಹರಿಯಿತು, ಯಾರೋ ಬಲವಂತ ಮಾಡಿದರು, ಅಂಥ ಹೊತ್ತಿನಲ್ಲಿ ಕೊಡುವುದು. 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆಮೇಲೆ 28 ದಿನ ಬಿಡದೆ ತೆಗೆದುಕೊಳ್ಳಬೇಕು. ರಾತ್ರಿ ಆದರೂ ಬೆಳಗಾಗಲಿ ಅಂತ ಕಾಯಬೇಡಿ. ಮೈಸೂರಿನಲ್ಲಿ ದೊಡ್ಡಾಸ್ಪತ್ರೆ ಅಂದರೆ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ನೇರ ಎಮರ್ಜೆನ್ಸಿಗೆ ಹೋಗಿ. ಬಲವಂತ ಆಗಿದ್ದರೆ ಚಿಕಿತ್ಸೆ ಮೊದಲು. ಕಂಪ್ಲೇಂಟ್ ಕೊಟ್ಟು ಆಮೇಲೆ ಬನ್ನಿ ಅಂತ ಯಾವ ಆಸ್ಪತ್ರೆಯೂ ವಾಪಸ್ ಕಳಿಸುವ ಹಾಗಿಲ್ಲ.

ಮೂರನೆಯದು ಎಆರ್‌ಟಿ, ಎಚ್‌ಐವಿ ಇರುವವರು ಜೀವನಪೂರ್ತಿ ತೆಗೆದುಕೊಳ್ಳುವ ಚಿಕಿತ್ಸೆ. ಈ ಮೂರರಲ್ಲೂ ಸಾಮಾನ್ಯವಾಗಿ ಟೆನೊಫೊವಿರ್ ಇರುವುದರಿಂದ ಔಷಧಿ ಅಂಗಡಿಯವರಿಗೂ ಗೊಂದಲ, ಪಕ್ಕದ ಮನೆಯವರಿಗೂ ಗೊಂದಲ. ಪ್ರೆಪ್ ತೆಗೆದುಕೊಳ್ಳುವವಳಿಗೆ ಎಚ್‌ಐವಿ ಇಲ್ಲ. ಇದನ್ನು ನೀವು ಗಟ್ಟಿಯಾಗಿ ಹೇಳಲು ಕಲಿಯಬೇಕು. ಹತ್ತು ಕಡೆ ಹೇಳಬೇಕಾಗಿ ಬರುತ್ತದೆ.

ನಿಜವಾಗಿ ಕೆಲಸ ಮಾಡುತ್ತದಾ ಅಂತ ಕೇಳುತ್ತೀರಿ. ಅಮೆರಿಕದಲ್ಲಿ ಇದಕ್ಕೆ 2012ರಲ್ಲೇ ಒಪ್ಪಿಗೆ ಸಿಕ್ಕಿತು. ಅಪಾಯ ಹೆಚ್ಚಿರುವ ಎಲ್ಲರಿಗೂ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆದರೆ ಆಫ್ರಿಕಾದಲ್ಲಿ ಹೆಂಗಸರ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ ಈ ಮಾತ್ರೆ ಸೋತಿತ್ತು. ಕಾರಣ ಹುಡುಕಿದಾಗ ಗೊತ್ತಾಗಿದ್ದು, ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆ ಅಂದವರಲ್ಲಿ ಬಹಳ ಜನರ ರಕ್ತದಲ್ಲಿ ಔಷಧಿಯೇ ಇರಲಿಲ್ಲ. ಭಯ, ಅನುಮಾನ, ಮನೆಯವರ ಕಣ್ಣು. ಔಷಧಿ ಡಬ್ಬಿಯಲ್ಲೇ ಉಳಿದಿತ್ತು.

ನಮ್ಮ ಊರಿನ ಕಥೆ ಬೇರೆ. ಮೈಸೂರಿನ ಆಶೋದಯ ಸಮಿತಿಯನ್ನು ನಡೆಸುವವರು ಲೈಂಗಿಕ ವೃತ್ತಿಯಲ್ಲಿರುವವರೇ. ಅವರ ಯೋಜನೆಯಲ್ಲಿ 600ಕ್ಕೂ ಹೆಚ್ಚು ಹೆಂಗಸರು ಒಂದು ವರ್ಷಕ್ಕೂ ಮೀರಿ ಪ್ರೆಪ್ ತೆಗೆದುಕೊಂಡರು. ಒಬ್ಬರಿಗೂ ಎಚ್‌ಐವಿ ತಗುಲಲಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಮಾತ್ರೆ ಅದೇ. ಅಲ್ಲಿ ಸೋತದ್ದು ಇಲ್ಲಿ ಗೆದ್ದದ್ದು, ಮಾತ್ರೆ ತಗೊಂಡೆಯಾ ಅಂತ ಕೇಳುವವಳೂ ತೆಗೆದುಕೊಳ್ಳುವವಳೂ ಒಂದೇ ಕಷ್ಟ ಗೊತ್ತಿದ್ದವರು ಅನ್ನುವ ಕಾರಣಕ್ಕೆ. ಅದಕ್ಕೇ ನನ್ನ ಮೊದಲ ಸಲಹೆ ಡಾಕ್ಟರ ಹತ್ತಿರ ಹೋಗಿ ಅಂತ ಅಲ್ಲ.

ಹೆಜ್ಜೆ 1: ಒಬ್ಬ ಜೊತೆಗಾತಿಯನ್ನು ಹುಡುಕಿಕೊಳ್ಳಿ

ನಿಮ್ಮ ವಿಷಯ ಗೊತ್ತಿದ್ದೂ ನಿಮ್ಮನ್ನು ಕೀಳಾಗಿ ನೋಡದ ಒಬ್ಬಳು ಸಾಕು. ಈ ವೃತ್ತಿಯಲ್ಲಿ ಇದ್ದರೆ ನಿಮ್ಮ ಕಡೆ ಕಾಂಡೋಮ್ ಹಂಚಲು ಬರುವ ಸಂಘದ ಕಾರ್ಯಕರ್ತೆಯನ್ನೇ ಕೇಳಿ. ಯಾವ ಡಾಕ್ಟರ್ ಬೈಯದೆ ಮಾತಾಡಿಸುತ್ತಾರೆ, ಯಾವ ದಿನ ರಶ್ ಕಡಿಮೆ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಯಾರೂ ಇಲ್ಲ ಅನ್ನುವವರು 1097ಕ್ಕೆ ಫೋನ್ ಮಾಡಿ. ಇದು ಏಡ್ಸ್ ಸಹಾಯವಾಣಿ, ದುಡ್ಡು ಕಟ್ ಆಗುವುದಿಲ್ಲ, ಹೆಸರು ಹೇಳಬೇಕಾಗಿಲ್ಲ. ನಿಮ್ಮ ತಾಲ್ಲೂಕಿಗೆ ಹತ್ತಿರದ ಪರೀಕ್ಷಾ ಕೇಂದ್ರ ಎಲ್ಲಿದೆ ಅಂತ ಅವರು ಹೇಳುತ್ತಾರೆ.

ಹೆಜ್ಜೆ 2: ಐಸಿಟಿಸಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ

ಪ್ರೆಪ್ ಶುರು ಮಾಡುವ ಮುಂಚೆ ಎಚ್‌ಐವಿ ಇಲ್ಲ ಅಂತ ಖಚಿತ ಆಗಲೇಬೇಕು. ಜಿಲ್ಲಾಸ್ಪತ್ರೆಯಲ್ಲೂ ತಾಲ್ಲೂಕು ಆಸ್ಪತ್ರೆಗಳಲ್ಲೂ ಐಸಿಟಿಸಿ ಅನ್ನುವ ಕೊಠಡಿ ಇರುತ್ತದೆ. ಪರೀಕ್ಷೆ ಉಚಿತ. ಸಾಮಾನ್ಯವಾಗಿ ಅವತ್ತೇ ಗೊತ್ತಾಗುತ್ತದೆ. ಒಳಗೆ ಆಪ್ತ ಸಮಾಲೋಚಕರು ಇರುತ್ತಾರೆ, ಅವರೊಬ್ಬರೇ ಇರುವಾಗ ಮಾತಾಡಿ.

ಊರಿನ ಆಸ್ಪತ್ರೆಯಲ್ಲಿ ಪರಿಚಯದವರು ಸಿಕ್ಕಿಬಿಡುತ್ತಾರೆ ಅನ್ನುವ ಭಯ ಬಹಳ ಜನಕ್ಕೆ. ಆ ಭಯ ಸುಳ್ಳಲ್ಲ. ಮಳವಳ್ಳಿಯವರು ಮೈಸೂರಿಗೆ ಹೋಗಿ, ನಂಜನಗೂಡಿನವರು ಮಂಡ್ಯಕ್ಕೆ ಹೋಗಿ, ಯಾರೂ ಬೇಡ ಅನ್ನುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾದಾ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ ಅಲ್ವಾ, ಗುರುತಿನ ಚೀಟಿ ಒಂದು ಇಟ್ಟುಕೊಂಡರೆ ಆಯಿತು. ದೂರದ ಆಸ್ಪತ್ರೆಗೆ ಹೋಗಿ ಬರಲು ಗಂಡನ ಹತ್ತಿರ ದುಡ್ಡು ಕೇಳುವುದು ತಪ್ಪಿತು.

ಸಮಾಲೋಚಕರಿಗೆ ಎರಡು ವಿಷಯ ಮರೆಯದೆ ಹೇಳಿ. ಕಳೆದ ಮೂರು ದಿನದಲ್ಲಿ ಕಾಂಡೋಮ್ ಇಲ್ಲದೆ ಏನಾದರೂ ಆಗಿದ್ದರೆ ಹೇಳಿ, ಆಗ ಮೊದಲು ಬೇಕಾಗುವುದು ಪೆಪ್. ಇನ್ನೊಂದು, ಈಚೆಗೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ, ಗಂಟುಗಂಟಾದ ಊತ ಬಂದಿತ್ತಾ ಅನ್ನುವುದು. ಸೋಂಕು ತೀರಾ ಹೊಸದಾಗಿದ್ದರೆ ಪರೀಕ್ಷೆಯಲ್ಲಿ ಕಾಣದೇ ಇರಬಹುದು. ಅಂಥ ಹೊತ್ತಿನಲ್ಲಿ ಪ್ರೆಪ್ ಕೊಟ್ಟರೆ ವೈರಸ್ ಆ ಔಷಧಿಗೆ ಬಗ್ಗದ ಹಾಗೆ ಪಳಗಿಬಿಡಬಹುದು. ಹಾಗಾಗಿ ಸಂಶಯ ಇದ್ದರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡುತ್ತಾರೆ. ಬೇಸರ ಮಾಡಿಕೊಳ್ಳಬೇಡಿ.

ಪಾಸಿಟಿವ್ ಅಂತ ಬಂದರೆ? ಅದೇ ಆಸ್ಪತ್ರೆಯಿಂದ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. ಔಷಧಿ ಉಚಿತ. ಬೇಗ ಶುರು ಮಾಡಿದವರು ಮೊಮ್ಮಕ್ಕಳನ್ನು ಆಡಿಸುವವರೆಗೂ ಬಾಳುತ್ತಿದ್ದಾರೆ.

ಹೆಜ್ಜೆ 3: ಉಳಿದ ಪರೀಕ್ಷೆಗಳು

ಕಿಡ್ನಿ ಹೇಗಿದೆ ಅಂತ ನೋಡಲು ಕ್ರಿಯಾಟಿನಿನ್ ಪರೀಕ್ಷೆ ಬೇಕು, ಯಾಕೆಂದರೆ ಟೆನೊಫೊವಿರ್ ಕಿಡ್ನಿಯ ಮೂಲಕ ಹೊರಗೆ ಹೋಗುತ್ತದೆ. ಇಲ್ಲೊಂದು ಮಾತು. ನಮ್ಮ ಕಡೆ ಕಬ್ಬು ಕಡಿಯುವವರು, ನಾಟಿ ಹಾಕುವವರು ಸೊಂಟ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುತ್ತಾರೆ. ಡೈಕ್ಲೋಫೆನಾಕ್‌ನಂಥವು ಕಿಡ್ನಿಗೆ ಭಾರ. ಎರಡೂ ಸೇರಿದರೆ ಇನ್ನೂ ಭಾರ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೂ ಹೇಳಿ.

ಹೆಪಟೈಟಿಸ್ ಬಿ ಪರೀಕ್ಷೆ ಬಿಡಬೇಡಿ. ಟೆನೊಫೊವಿರ್ ಆ ರೋಗದ ವೈರಸ್ಸನ್ನೂ ಹಿಡಿದಿಡುತ್ತದೆ. ನಿಮಗೆ ಹೆಪಟೈಟಿಸ್ ಬಿ ಇದ್ದು, ಪ್ರೆಪ್ ಅನ್ನು ಡಾಕ್ಟರನ್ನು ಕೇಳದೆ ಏಕಾಏಕಿ ನಿಲ್ಲಿಸಿಬಿಟ್ಟರೆ ಲಿವರ್ ಕೆರಳಬಹುದು. ಅದು ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಿ. ಸಿಫಿಲಿಸ್ ಮತ್ತು ಇತರ ಗುಪ್ತರೋಗಗಳಿಗೆ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ನೋಡುತ್ತಾರೆ. ಬಸುರಿಯಾಗಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಪ್ರೆಪ್ ತೆಗೆದುಕೊಳ್ಳಬಹುದು, ಡಾಕ್ಟರಿಗೆ ತಿಳಿಸಿ ಅಷ್ಟೇ. ಮಕ್ಕಳಾಗದ ಮಾತ್ರೆಗೂ ಇದಕ್ಕೂ ಜಗಳ ಇಲ್ಲ.

ಹೆಜ್ಜೆ 4: ಚೀಟಿ ಮತ್ತು ಔಷಧಿ

ನ್ಯಾಕೊ, ಅಂದರೆ ಏಡ್ಸ್ ತಡೆಯುವ ಕೇಂದ್ರ ಸರ್ಕಾರದ ಸಂಸ್ಥೆ, ಪ್ರೆಪ್ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಆದರೂ ಎಆರ್‌ಟಿ ಔಷಧಿಯ ಹಾಗೆ ಇದು ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಕೈಗೆ ಸಿಗುವುದಿಲ್ಲ. ಮೊದಲು ಎಆರ್‌ಟಿ ಕೇಂದ್ರದಲ್ಲಿ ಕೇಳಿ, ನಿಮ್ಮ ಸಂಘದಲ್ಲಿ ಕೇಳಿ. ಮೈಸೂರಿನಲ್ಲಿ ಆಶಾ ಕಿರಣ ಆಸ್ಪತ್ರೆ 1990ರ ದಶಕದಿಂದ ಎಚ್‌ಐವಿ ಇರುವವರನ್ನು ನೋಡಿಕೊಂಡು ಬಂದಿದೆ, ಅಲ್ಲೂ ವಿಚಾರಿಸಬಹುದು. ಖಾಸಗಿ ಡಾಕ್ಟರ ಹತ್ತಿರ ಹೋಗುವುದಾದರೆ ಚರ್ಮರೋಗ ಮತ್ತು ಗುಪ್ತರೋಗ ನೋಡುವವರ ಹತ್ತಿರ ಹೋಗಿ. ಕೆಲವು ಡಾಕ್ಟರಿಗೆ ಪ್ರೆಪ್ ಬರೆದು ರೂಢಿ ಇರುವುದಿಲ್ಲ. ‘ನನಗೆ ಎಚ್‌ಐವಿ ಇಲ್ಲ, ಬರುವ ಅಪಾಯ ಇದೆ, ಟೆನೊಫೊವಿರ್ ಎಮ್ಟ್ರಿಸಿಟಬೈನ್ ದಿನಾ ತೆಗೆದುಕೊಳ್ಳಬೇಕು ಅಂತಿದ್ದೇನೆ’ ಅಂತ ನೇರವಾಗಿ ಹೇಳಿ. ಯಾಕೆ ಅಪಾಯ ಅಂತ ಪೂರ್ತಿ ಕಥೆ ಬಿಚ್ಚಿಡಬೇಕಾಗಿಲ್ಲ.

ಔಷಧಿ ಅಂಗಡಿ ಆರಿಸುವಾಗ ಹುಷಾರು. ಒಂದು ಅಂಗಡಿಯಲ್ಲಿ ಚೀಟಿ ನೋಡಿದವನು “ಇದು ಏಡ್ಸ್ ಮಾತ್ರೆ ಅಲ್ವಾ, ಸ್ಟಾಕ್ ಇದೆಯೇನೋ?” ಅಂತ ಒಳಗಿದ್ದವನನ್ನು ಕೂಗಿ ಕೇಳಿದ. ನನ್ನ ಜೊತೆಗಿದ್ದ ಹುಡುಗಿ ಚೀಟಿ ಕಿತ್ತುಕೊಂಡು ಹೊರಟೇಬಿಟ್ಟಳು. ಅವಳನ್ನು ಮತ್ತೆ ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಈಗ ನಾನು ಮೊದಲು ಫೋನಿನಲ್ಲೇ ಹೆಸರು ಹೇಳಿ, ಇದೆಯಾ, ಎಷ್ಟು ಅಂತ ಕೇಳಿಕೊಂಡು ಹೋಗುತ್ತೇನೆ. ಕಂಪನಿಯಿಂದ ಕಂಪನಿಗೆ ಬೆಲೆ ಬೇರೆ, ಕಡಿಮೆಯದನ್ನೇ ಕೇಳಿ. ಚೀಟಿ ಇಲ್ಲದೆ, ಪರೀಕ್ಷೆ ಇಲ್ಲದೆ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಬೇಡಿ.

ಹೆಜ್ಜೆ 5: ಮೊದಲ ತಿಂಗಳು

ಇವತ್ತು ಮಾತ್ರೆ ನುಂಗಿ ಇವತ್ತೇ ರಕ್ಷಣೆ ಸಿಗುವುದಿಲ್ಲ. ಹೆಂಗಸರಿಗೆ ಏಳು ದಿನ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಮೆರಿಕದವರು 21 ದಿನ ಅನ್ನುತ್ತಾರೆ. ನಾನು 21 ಅನ್ನೇ ಹಿಡಿಯಿರಿ ಅನ್ನುತ್ತೇನೆ. ಅಲ್ಲಿಯವರೆಗೆ ಕಾಂಡೋಮ್ ತಪ್ಪಿಸಬೇಡಿ. ಬೇಕಾದಾಗ ಮಾತ್ರ ಎರಡು ಮಾತ್ರೆ, ಆಮೇಲೆ ಒಂದೊಂದು ಅನ್ನುವ ಲೆಕ್ಕವನ್ನು ಎಲ್ಲಾದರೂ ಕೇಳಿರಬಹುದು. ಅದು ಗಂಡಸರಿಗೆ ಹೇಳಿದ್ದು. ಹೆಂಗಸರ ಮೈಯಲ್ಲಿ ಔಷಧಿ ಬೇಕಾದ ಜಾಗದಲ್ಲಿ ನಿಲ್ಲಬೇಕಾದರೆ ದಿನಾ ತೆಗೆದುಕೊಳ್ಳಬೇಕು.

ಶುರುವಿನಲ್ಲಿ ಹೊಟ್ಟೆ ತೊಳಸುವುದು, ತಲೆನೋವು, ಭೇದಿ ಆಗಬಹುದು. ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲೂ ನುಂಗಬಹುದು, ಆದರೆ ತೊಳಸುವವರು ಮುದ್ದೆ ಊಟ ಆದ ಮೇಲೆ ನುಂಗಿ. ವಾಂತಿ ನಿಲ್ಲದಿದ್ದರೆ, ಮೈ ತುಂಬ ಗಂಧೆ ಎದ್ದರೆ, ಕಣ್ಣು ಹಳದಿ ಆದರೆ ತಕ್ಷಣ ಡಾಕ್ಟರಿಗೆ ತೋರಿಸಿ.

ಹೆಜ್ಜೆ 6: ಮನೆಯಲ್ಲಿ

ಇಲ್ಲಿ ಎಲ್ಲರೂ ಎಡವುತ್ತಾರೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೊತ್ತು ಗೊತ್ತುಮಾಡಿಕೊಳ್ಳಿ. ಗಡಿಯಾರದ ಹೊತ್ತಿಗಿಂತ ನೀವು ಹೇಗೂ ತಪ್ಪಿಸದ ಒಂದು ಕೆಲಸಕ್ಕೆ ಮಾತ್ರೆಯನ್ನು ಕಟ್ಟಿಹಾಕಿ. ಬೆಳಗಿನ ಕಾಫಿ, ಡೈರಿಗೆ ಹಾಲು ಹಾಕಿ ಬಂದ ಮೇಲೆ, ಸಂಜೆ ದೀಪ ಹಚ್ಚುವ ಹೊತ್ತು. ರಾತ್ರಿ ಕೆಲಸಕ್ಕೆ ಹೋಗುವವರು ರಾತ್ರಿ ಇಟ್ಟುಕೊಳ್ಳಬೇಡಿ. ಎಲ್ಲಿ ಇರುತ್ತೀರೋ, ಯಾರ ಜೊತೆ ಇರುತ್ತೀರೋ ಹೇಳಲಾಗದು. ಕುಡಿಯುವ ಅಭ್ಯಾಸ ಇದ್ದರೂ ಅಷ್ಟೇ. ಹೆಂಡಕ್ಕೂ ಮಾತ್ರೆಗೂ ನೇರ ಜಗಳ ಇಲ್ಲ, ಆದರೆ ಕುಡಿದ ಮೇಲೆ ಮಾತ್ರೆ ನೆನಪಿರುವುದಿಲ್ಲ. ಬೆಳಗ್ಗೆಯೇ ನುಂಗಿಬಿಡಿ.

ಮದ್ದೂರಿನ ಅಕ್ಕನ ಮನೆಯ ಕ್ಯಾಲೆಂಡರಿನಲ್ಲಿ ದಿನಾ ಹಾಲಿನ ಲೆಕ್ಕ ಬರೆಯುತ್ತಾರೆ. ಬೆಳಗ್ಗೆ ಎರಡೂವರೆ ಲೀಟರು, ಸಂಜೆ ಎರಡು. ಆ ಅಂಕಿಗಳ ಪಕ್ಕ ಪೆನ್ನು ಊರಿದ ಹಾಗೆ ಸಣ್ಣ ಚುಕ್ಕಿ ಇರುತ್ತದೆ. ಆ ಚುಕ್ಕಿ ಮಾತ್ರೆಯದ್ದು. ಮನೆಯಲ್ಲಿ ಐದು ಜನ ದಿನಾ ಆ ಕ್ಯಾಲೆಂಡರ್ ನೋಡುತ್ತಾರೆ, ಒಬ್ಬರಿಗೂ ಗೊತ್ತಿಲ್ಲ.

ಡಬ್ಬಿಯ ವಿಷಯ. ಸಾಧ್ಯವಾದಷ್ಟು ಅದೇ ಡಬ್ಬಿಯಲ್ಲಿ ಇಡಿ. ಒಳಗಿರುವ ತೇವ ಹೀರುವ ಪೊಟ್ಟಣ ಬಿಸಾಡಬೇಡಿ. ಚೀಟಿ ಅಂಟಿಸಿರುವುದು ಕಣ್ಣಿಗೆ ಬೀಳುತ್ತದೆ ಅಂದರೆ ಕಿತ್ತುಬಿಡಿ, ಆದರೆ ಔಷಧಿಯ ಹೆಸರು, ಅವಧಿ ಮುಗಿಯುವ ತಾರೀಕು ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ಸದ್ದು ಬರದಂತೆ ಒಣ ಹತ್ತಿ ಇಡಬಹುದು. ಒಲೆ ಪಕ್ಕ, ಬಚ್ಚಲು, ಸ್ಕೂಟರಿನ ಡಿಕ್ಕಿ ಬೇಡ, ಬಿಸಿಗೂ ತೇವಕ್ಕೂ ಮಾತ್ರೆ ಕೆಡುತ್ತದೆ. ಸೀರೆ ಮಡಿಕೆಯ ನಡುವೆ ಇಡುವವರೇ ಜಾಸ್ತಿ. ಮಕ್ಕಳ ಕೈಗೆ ಸಿಗದ ಹಾಗೆ ಇರಲಿ. ಪರ್ಸಿನಲ್ಲಿ ಒಂದೆರಡು ಮಾತ್ರೆ ಬೇರೆ ಇಟ್ಟುಕೊಳ್ಳಿ. ಮಾರಿಹಬ್ಬಕ್ಕೆ ತವರಿಗೆ ಹೋದವರು, ದಸರಾ ಸಮಯದಲ್ಲಿ ವಾರಗಟ್ಟಲೆ ಹೊರಗೆ ಉಳಿದವರು ಮಾತ್ರೆ ಬಿಟ್ಟುಹೋಯಿತು ಅಂತ ಅಳುವುದನ್ನು ನೋಡಿದ್ದೇನೆ.

ಗೆಳತಿಗೆ ಕೊಡಬೇಡಿ. ಕೊಡುವ ಮನಸ್ಸು ಒಳ್ಳೆಯದೇ. ಆದರೆ ಅವಳಿಗೆ ಪರೀಕ್ಷೆ ಆಗಿಲ್ಲ, ಅವಳ ಕಿಡ್ನಿ ಹೇಗಿದೆಯೋ ಗೊತ್ತಿಲ್ಲ, ನಿಮ್ಮ ತಿಂಗಳೂ ಅರ್ಧಕ್ಕೆ ನಿಲ್ಲುತ್ತದೆ. ಅವಳನ್ನು ಐಸಿಟಿಸಿಗೆ ಕರೆದುಕೊಂಡು ಹೋಗಿ.

ಯಾರಾದರೂ ನೋಡಿ ಕೇಳಿಬಿಟ್ಟರೆ? ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ. ಡಾಕ್ಟರು ಬರೆದುಕೊಟ್ಟಿದ್ದಾರೆ, ಹೆಂಗಸರ ತೊಂದರೆಗೆ, ಅಂದರೆ ಗಂಡಸರು ಮುಂದೆ ಕೇಳುವುದಿಲ್ಲ. ನಂಬಿಕೆ ಇದ್ದವರಿಗೆ ನಿಜ ಹೇಳಿ. ಹೊಡೆಯುವ ಮನೆ ಆಗಿದ್ದರೆ ಡಬ್ಬಿಯನ್ನು ಜೊತೆಗಾತಿಯ ಹತ್ತಿರವೇ ಇಟ್ಟು, ದಿನಾ ಅಲ್ಲಿ ಹೋಗಿ ನುಂಗುವವರೂ ಇದ್ದಾರೆ.

ಮರೆತರೆ, ನಿಲ್ಲಿಸಬೇಕಾದರೆ

ಒಂದು ದಿನ ಮರೆತರೆ ನೆನಪಾದ ತಕ್ಷಣ ನುಂಗಿ. ಮಾರನೆಯ ದಿನ ನೆನಪಾದರೆ ಅವತ್ತಿನ ಒಂದೇ ಸಾಕು, ಎರಡೆರಡು ಬೇಡ. ವಾರದಲ್ಲಿ ಮೂರು ನಾಲ್ಕು ತಪ್ಪಿದರೆ ರಕ್ಷಣೆ ಸಡಿಲ ಆಗಿದೆ ಅಂತಲೇ ತಿಳಿದು ಕಾಂಡೋಮ್ ತಪ್ಪಿಸದೆ ಬಳಸಿ, ದಿನದ ಲೆಕ್ಕ ಮತ್ತೆ ಮೊದಲಿಂದ ಶುರು ಮಾಡಿ. ಒಂದು ವಾರಕ್ಕಿಂತ ಜಾಸ್ತಿ ಬಿಟ್ಟಿದ್ದರೆ ಮತ್ತೆ ಎಚ್‌ಐವಿ ಪರೀಕ್ಷೆ ಮಾಡಿಸಿಯೇ ಶುರು ಮಾಡಬೇಕು.

ಪ್ರೆಪ್ ಜೀವನಪೂರ್ತಿ ಅಲ್ಲ. ಅಪಾಯ ಇರುವಷ್ಟು ಕಾಲ. ನಿಲ್ಲಿಸುವಾಗ ಕೊನೆಯ ಅಪಾಯದ ದಿನದಿಂದ 28 ದಿನ ಮುಂದುವರಿಸಿದರೆ ನೆಮ್ಮದಿ. ಹೆಪಟೈಟಿಸ್ ಬಿ ಇರುವವರು ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು.

ಇದು ಎಚ್‌ಐವಿಯನ್ನು ಮಾತ್ರ ತಡೆಯುತ್ತದೆ. ಸಿಫಿಲಿಸ್, ಗೊನೊರಿಯಾ, ಬೇಡದ ಬಸಿರು ಯಾವುದನ್ನೂ ತಡೆಯುವುದಿಲ್ಲ. ‘ಮಾತ್ರೆ ಇದೆಯಲ್ಲ, ಕಾಂಡೋಮ್ ಯಾಕೆ’ ಅನ್ನಬಹುದಾದ ಗಿರಾಕಿಗೆ ಮಾತ್ರೆಯ ವಿಷಯ ಹೇಳಲೇಬೇಡಿ. ಕಾಂಡೋಮ್ ಇಟ್ಟುಕೊಂಡಿದ್ದಕ್ಕೆ ಪೊಲೀಸರು ಹೆದರಿಸಿದರೆ, ಅದನ್ನು ಅಪರಾಧದ ಸಾಕ್ಷಿ ಅಂತ ನೋಡಬಾರದು ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿರ್ದೇಶನ ಕೊಟ್ಟಿದೆ ಅನ್ನುವುದು ನೆನಪಿರಲಿ.

ಗಂಡನಿಗೆ ಎಚ್‌ಐವಿ ಇದ್ದರೆ

ಅವರು ಎಆರ್‌ಟಿ ಸರಿಯಾಗಿ ತೆಗೆದುಕೊಂಡು, ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದು ಅಲ್ಲೇ ನಿಂತಿದ್ದರೆ ಸಂಸಾರದಿಂದ ನಿಮಗೆ ತಗುಲುವುದಿಲ್ಲ. ಆ ಮಟ್ಟಕ್ಕೆ ಬರಲು ಸುಮಾರು ಆರು ತಿಂಗಳು ಬೇಕು. ಆ ನಡುವಿನ ಕಾಲಕ್ಕೆ, ಮಗು ಬೇಕು ಅಂತ ಇದ್ದರೆ ಇನ್ನೂ ಮುಖ್ಯವಾಗಿ, ಪ್ರೆಪ್ ನಿಮ್ಮ ಕೈಯಲ್ಲಿರುವ ದಾರಿ. ಅವರು ಔಷಧಿ ತಪ್ಪಿಸುತ್ತಾರೆ ಅನ್ನುವ ಸಂಶಯ ಇದ್ದರೆ ನಿಮ್ಮದನ್ನು ನಿಲ್ಲಿಸಬೇಡಿ.

ಇಂಜೆಕ್ಷನ್ ಬಂದಿದೆಯಂತೆ ಅಂತ ಬಹಳ ಜನ ಕೇಳುತ್ತಾರೆ. ನಿಜ. ಲೆನಕಪವಿರ್ ಅನ್ನುವ ಔಷಧಿಯನ್ನು ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಅದನ್ನು ತೆಗೆದುಕೊಂಡ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ ಅಂತ 2024ರಲ್ಲಿ ಗೊತ್ತಾಯಿತು. ಅಡಗಿಸಿಡಲು ಡಬ್ಬಿಯೇ ಇಲ್ಲದ ಔಷಧಿ ಅದು. ನಮ್ಮ ಹೆಂಗಸರಿಗೆ ಬೇಗ ಸಿಗಬೇಕು ಅಂತ ನಾನೂ ಹಂಬಲಿಸುತ್ತಿದ್ದೇನೆ. ಆದರೆ ಅದಕ್ಕೆ ಕಾಯುತ್ತಾ ಇವತ್ತಿನ ಮಾತ್ರೆ ಬಿಡಬೇಡಿ.

ಗುಟ್ಟು ಬಯಲು ಮಾಡಿದರೆ

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವ ಹಾಗಿಲ್ಲ. ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಯಾರಾದರೂ ಹಾಗೆ ಮಾಡಿದರೆ ಅವತ್ತೇ ತಾರೀಕು, ಹೊತ್ತು, ಯಾರ ಎದುರು ಏನಂದರು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಸಂಘದವರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಯ ಮುಖ್ಯಸ್ಥರ ಹತ್ತಿರ ಹೋಗಿ. ಒಬ್ಬಳೇ ಹೋಗಬೇಡಿ.

ಇನ್ನು ಮುಂದಿನ ತಾರೀಕುಗಳು. ಶುರು ಮಾಡಿದ ಒಂದು ತಿಂಗಳಿಗೆ ಮತ್ತೆ ಎಚ್‌ಐವಿ ಪರೀಕ್ಷೆ. ಅಲ್ಲಿಂದ ಮೂರು ತಿಂಗಳಿಗೊಮ್ಮೆ, ಜೊತೆಗೆ ಗುಪ್ತರೋಗದ ತಪಾಸಣೆ. ಕಿಡ್ನಿ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ ಅನ್ನುವುದು ನಿಮ್ಮ ವಯಸ್ಸು, ಆರೋಗ್ಯ ನೋಡಿ ಡಾಕ್ಟರು ಹೇಳುತ್ತಾರೆ. ಡಬ್ಬಿಯಲ್ಲಿ ಹತ್ತು ಮಾತ್ರೆ ಉಳಿದಾಗಲೇ ಮುಂದಿನದಕ್ಕೆ ಹೊರಡಿ. ಮದ್ದೂರಿನ ಅಕ್ಕ ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದಾರೆ. ಹತ್ತಿಯನ್ನು ಮೇಲೆ ಮಾತ್ರ ಇಡುವ ಬದಲು ಕೊನೆಯ ಹತ್ತು ಮಾತ್ರೆಗಳ ಮೇಲೊಂದು, ಎಲ್ಲದರ ಮೇಲೊಂದು, ಹೀಗೆ ಎರಡು ಪದರ ಇಡುತ್ತಾರೆ. ಕೆಳಗಿನ ಹತ್ತಿ ಕೈಗೆ ತಾಗಿದ ದಿನ ಮೈಸೂರಿನ ಬಸ್ಸು ಹತ್ತುತ್ತಾರೆ.